ಬಿಡಾರ, ವಾರಾನ್ನ, ವಿದ್ಯಾರ್ಥಿನಿಲಯ: ಧಾರವಾಡ ಸೀಮೆಯಲ್ಲಿ ವಿದ್ಯಾರ್ಥಿಯ ವಸತಿಯ ಪ್ರಶ್ನೆ

ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಾಲೇಜುಗಳ ಸ್ಥಾಪನೆಯ ವರ್ಷ, ಸ್ಥಾಪಕರ ಹೆಸರು, ಪಾಠಕ್ರಮ, ಪರೀಕ್ಷೆಗಳ ಫಲ ಇವುಗಳನ್ನು ಕುರಿತು ವಿಸ್ತಾರವಾಗಿ ಬರೆಯುವುದುಂಟು. ಕಲಿಯಲು ಬಂದ ಹುಡುಗನು ಹಗಲು ಎಲ್ಲಿ ಉಂಡನು, ರಾತ್ರಿ ಎಲ್ಲಿ ಮಲಗಿದನು ಎಂಬ ವಿಚಾರಕ್ಕೆ ಅಂಥ ಗ್ರಂಥಗಳಲ್ಲಿ ದೊರೆಯುವ ಸ್ಥಳವು ಅತ್ಯಲ್ಪ. ಆದರೆ ಹಳ್ಳಿಯಿಂದ ಹೊರಟ ವಿದ್ಯಾರ್ಥಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಇದೇ ಆಗಿದ್ದಿತು. ಕಾಲೇಜಿನ ಆವರಣದೊಳಗೆ ಇರಬೇಕೋ, ಊರಿನಲ್ಲಿ ಬಿಡಾರ ಹೂಡಬೇಕೋ ಎಂಬುದನ್ನು ನಾವಿಂದು ಅನುಕೂಲ-ಅನನುಕೂಲಗಳ ಲೆಕ್ಕವೆಂದು ತಿಳಿಯುತ್ತೇವೆ. ಅದು ಬಹುಕಾಲ ಆಯ್ಕೆಯ ಮಾತೇ ಆಗಿರಲಿಲ್ಲವೆಂಬುದನ್ನೂ, ಅನ್ನ ಮತ್ತು ಜಾತಿಗಳೆರಡೂ ಅದನ್ನು ನಿರ್ಧರಿಸುತ್ತಿದ್ದವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

1. ಶಾಸನಗಳ ಸಾಕ್ಷ್ಯ

ವಿದ್ಯಾಸ್ಥಾನದಲ್ಲಿಯೇ ವಾಸಮಾಡಿ ಕಲಿಯುವ ಪದ್ಧತಿ ಕನ್ನಡನಾಡಿಗೆ ಪಾಶ್ಚಾತ್ಯರಿಂದ ಬಂದುದಲ್ಲ. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದುದನ್ನೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದುದನ್ನೂ, ಆ ಶಾಲೆಗೆ ಭೂಮಿಯೊಡನೆ 27 ಮನೆಗಳನ್ನು ಬಿಟ್ಟುದನ್ನೂ ಅದು ತಿಳಿಸುತ್ತದೆ. ಈ ಮನೆಗಳು ವಿದ್ಯಾರ್ಥಿಗಳ ವಸತಿಗಾಗಿಯೇ ಇದ್ದವೆಂದು ವಿದ್ವಾಂಸರು ಅರ್ಥೈಸಿದ್ದಾರೆ.

ಇನ್ನೊಂದು ಉದಾಹರಣೆ ಹಾವೇರಿ ಜಿಲ್ಲೆಯ ಮಗ್ಗುಲಲ್ಲಿಯೇ ಇದೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನವು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳನ್ನು ಓದುವ ಸ್ಥಳವೆಂದು ಮಠವನ್ನು ಹೊಗಳುವ ಆ ಶಾಸನವೇ, ದೀನರು, ಅನಾಥರು, ಕುಂಟರು, ಕುರುಡರು ಮೊದಲಾದವರಿಗೆ ಅನ್ನ ದೊರೆಯುವ, ರೋಗಿಗಳಿಗೆ ಔಷಧ ದೊರೆಯುವ ಸ್ಥಳವೆಂದೂ ಅದನ್ನು ಹೊಗಳುತ್ತದೆ. ವಿದ್ಯಾದಾನವೂ ಅನ್ನದಾನವೂ ಇಲ್ಲಿ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವೆಂಬ ಅಂಶವನ್ನು ನಾವು ಲಕ್ಷ್ಯದಲ್ಲಿಡಬೇಕು. ಏಕೆಂದರೆ ಮುಂದೆ ಏಳೆಂಟು ಶತಮಾನಗಳ ತರುವಾಯ ಮಠಗಳು ಪ್ರಸಾದನಿಲಯಗಳನ್ನು ತೆರೆದಾಗ ಅವು ಹೊಸ ಪದ್ಧತಿಯನ್ನು ಕಲ್ಪಿಸಲಿಲ್ಲ. ಹಳೆಯ ಪದ್ಧತಿಯನ್ನು ಹೊಸ ಕಾಲೇಜಿನ ಬಾಗಿಲಿಗೆ ತಂದವು.

2. ಪುಣೆಯ ದಾರಿ

ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪಿತವಾಯಿತು. ಆದರೆ ಆ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ 1917ರವರೆಗೆ ಕಾಲೇಜು ಇರಲಿಲ್ಲ. ಪದವಿಯ ಆಸೆಯುಳ್ಳವರು ಪುಣೆಯ ಡೆಕ್ಕನ್ ಕಾಲೇಜಿಗೋ, 1885ರಲ್ಲಿ ಪ್ರಾರಂಭವಾದ ಫರ್ಗ್ಯುಸನ್ ಕಾಲೇಜಿಗೋ, ಇಲ್ಲವೆ ಮುಂಬಯಿಗೋ ಹೋಗಬೇಕಾಗಿದ್ದಿತು. ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಂಥ ಗ್ರಾಮವನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಪುಣೆಯು ಅಲ್ಲಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ, ಭಾಷೆ ಬೇರೆ, ಊಟದ ರೀತಿ ಬೇರೆ. ಮಗನನ್ನು ಅಷ್ಟು ದೂರ ಕಳುಹಿ, ತಿಂಗಳು ತಿಂಗಳು ರೊಕ್ಕ ಕಳುಹಬಲ್ಲ ಮನೆತನಗಳು ದೇಸಾಯರದೋ, ಸರಕಾರಿ ಅಧಿಕಾರಿಗಳದೋ ಆಗಿರಬೇಕು. ಇಲ್ಲವೆ ಅಲ್ಲಿ ನೆಂಟರಿರಬೇಕು. ಧಾರವಾಡದವರಾದ ದ.ರಾ. ಬೇಂದ್ರೆಯವರು ಪುಣೆಯಲ್ಲಿದ್ದ ತಮ್ಮ ಚಿಕ್ಕಪ್ಪನ ಆಶ್ರಯದಲ್ಲಿದ್ದು, ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1918ರಲ್ಲಿ ಬಿ.ಎ. ಪದವಿಯನ್ನು ಪಡೆದರು. ನೆಂಟರ ಮನೆಯೊಂದು ಇಲ್ಲದಿದ್ದರೆ ಎಷ್ಟು ಮಂದಿ ಬುದ್ಧಿವಂತರ ಓದು ಮೆಟ್ರಿಕ್ಯುಲೇಶನ್ನಿಗೇ ನಿಂತಿರಬಹುದೆಂಬುದನ್ನು ಊಹಿಸಬಹುದು.

ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು. ಪುಣೆಯ ದೂರವು ಕಡಿಮೆಯಾಯಿತು. ವಸತಿಯ ಪ್ರಶ್ನೆ ಮಾತ್ರ ಉಳಿಯಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆಯ ಹುಡುಗನು ರೈಲಿನಲ್ಲಿ ಧಾರವಾಡಕ್ಕೆ ಬಂದಿಳಿಯಬಹುದಾಗಿತ್ತೇ ಹೊರತು ದಿನವೂ ಹೋಗಿಬರುವಂತಿರಲಿಲ್ಲ.

3. ವಾರಾನ್ನ

ಬಡ ವಿದ್ಯಾರ್ಥಿಗೆ ಹಿಂದಿನಿಂದಲೂ ಇದ್ದ ಉಪಾಯವೆಂದರೆ ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಈ ಕ್ರಮದಲ್ಲಿ ಯಾವ ಮನೆತನಕ್ಕೂ ಭಾರ ಹೆಚ್ಚಾಗುತ್ತಿರಲಿಲ್ಲ. ಮಲಗಲು ಗುಡಿಯ ಪೌಳಿಯೋ, ಯಾರದೋ ಮನೆಯ ಪಡಸಾಲೆಯೋ ಸಾಕಾಗುತ್ತಿತ್ತು. ಕಾಸಿಲ್ಲದೆ ಪಟ್ಟಣದಲ್ಲಿ ವರ್ಷಗಟ್ಟಲೆ ಓದುವುದು ಇದರಿಂದ ಶಕ್ಯವಾಯಿತೆಂಬುದು ನಿರ್ವಿವಾದ.

ಆದರೆ ಈ ವ್ಯವಸ್ಥೆಗೆ ಎರಡು ಮಿತಿಗಳಿದ್ದವು. ಮೊದಲನೆಯದು, ಅದು ಕೊಡುವವರ ಮನಸ್ಸನ್ನು ಅವಲಂಬಿಸಿದ್ದಿತು. ಆ ಮನೆಯಲ್ಲಿ ಸೂತಕ ಬಂದರೆ, ಮನೆಯವರು ಪರಊರಿಗೆ ಹೋದರೆ, ಹುಡುಗನಿಗೆ ಅಂದು ಉಪವಾಸ. ಎರಡನೆಯದು ಇನ್ನೂ ಮುಖ್ಯವಾದುದು: ವಾರಾನ್ನವು ಪಂಕ್ತಿಯ ನಿಯಮವನ್ನು ದಾಟಲಿಲ್ಲ. ಉಣಿಸುವ ಮನೆಯ ಜಾತಿಯೂ ಉಣ್ಣುವ ಹುಡುಗನ ಜಾತಿಯೂ ಹೊಂದಬೇಕಾಗಿದ್ದಿತು. ಪಟ್ಟಣದಲ್ಲಿ ಸ್ವಜಾತಿಯ ಅನುಕೂಲಸ್ಥ ಮನೆಗಳು ಏಳು ಇಲ್ಲದವನಿಗೆ ವಾರಾನ್ನವೂ ಇಲ್ಲ.

4. ಪ್ರಸಾದನಿಲಯಗಳು, ಸಂಘಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಮಾಜಗಳು ಈ ಕೊರತೆಯನ್ನು ಮನಗಂಡವು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಲ್ಲಿ ಮರಾಠ ವಿದ್ಯಾರ್ಥಿಗಳಿಗೆ ವಸತಿಗೃಹವನ್ನು ತೆರೆದು, ತರುವಾಯ ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ವಿದ್ಯಾರ್ಥಿಗಳಿಗೂ ವಸತಿಗೃಹಗಳಾಗುವಂತೆ ನೆರವಾದರು. ಮೈಸೂರು ಸಂಸ್ಥಾನದಲ್ಲಿ 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪಿತವಾಯಿತು. ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಜನಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿ, ವಟುಗಳು ಅಲ್ಲಿಯೇ ಇದ್ದು ಕಲಿಯುವ ಏರ್ಪಾಡು ಮಾಡಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದನಿಲಯವು ಹಳ್ಳಿಯ ಅಸಂಖ್ಯ ವಿದ್ಯಾರ್ಥಿಗಳಿಗೆ ಕಾಲೇಜಿನ ಹೊಸ್ತಿಲಾಯಿತು. ಇಂಥ ನಿಲಯಗಳು ಭಕ್ತರು ಕೊಟ್ಟ ಜೋಳ, ಅಕ್ಕಿ, ಬೇಳೆಗಳ ಮೇಲೆ ನಡೆದವು. ಕಾಲೇಜನ್ನು ಕಣ್ಣಿನಿಂದ ಕಾಣದ ರೈತನೂ ಒಂದು ಚೀಲ ಜೋಳದ ಮೂಲಕ ಉಚ್ಚ ಶಿಕ್ಷಣದ ಪೋಷಕನಾದನು.

ಇವುಗಳ ಉಪಕಾರವನ್ನು ಸ್ಮರಿಸುವಾಗ ಇನ್ನೊಂದು ಮುಖವನ್ನು ಮರೆಯಲಾಗದು. ವಾರಾನ್ನದಲ್ಲಿ ಹುಡುಗನು ಮನೆಮನೆಗೆ ಋಣಿಯಾಗಿದ್ದನು. ಸಮಾಜದ ವಸತಿಗೃಹದಲ್ಲಿ ಅವನು ಇಡೀ ಸಮಾಜಕ್ಕೆ ಋಣಿಯಾದನು. ತರಗತಿಯಲ್ಲಿ ಎಲ್ಲರೊಡನೆ ಒಂದೇ ಬೆಂಚಿನ ಮೇಲೆ ಕುಳಿತವನು ಸಂಜೆ ತನ್ನ ತನ್ನ ಜಾತಿಯ ಸೂರಿಗೆ ಮರಳಿದನು. ಇಪ್ಪತ್ತನೆಯ ಶತಮಾನದ ಸಾರ್ವಜನಿಕ ಜೀವನದಲ್ಲಿ ಜಾತಿಸಂಘಗಳು ಪಡೆದ ಬಲಕ್ಕೆ ಈ ವಸತಿಗೃಹಗಳ ಸಹವಾಸವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಇದಕ್ಕೆ ಅಪವಾದಗಳೂ ಇವೆ. ತುಮಕೂರಿನ ಸಿದ್ಧಗಂಗಾ ಮಠವು ಎಲ್ಲ ಜಾತಿಮತಗಳ ಮಕ್ಕಳಿಗೆ ಅನ್ನ, ವಸತಿಗಳನ್ನಿತ್ತು ಬೆಳೆದಿದೆ.

5. ಬಿಡಾರವೇ ದೊರೆಯದವರು

ಮೇಲಿನ ಯಾವ ಬಾಗಿಲೂ ತೆರೆಯದಿದ್ದುದು ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಸಮುದಾಯಗಳ ಮಕ್ಕಳಿಗೆ. ಅವರಿಗೆ ವಾರಾನ್ನವಿಲ್ಲ, ಪಟ್ಟಣದಲ್ಲಿ ಬಾಡಿಗೆ ಕೊಟ್ಟರೂ ಮನೆಯಿಲ್ಲ. ಶಾಲೆಯ ಪ್ರವೇಶವನ್ನು ಸರಕಾರದ ಆಜ್ಞೆಯಿಂದ ಕೊಡಿಸಬಹುದು. ಓಣಿಯಲ್ಲಿ ಕೋಣೆಯನ್ನು ಕೊಡಿಸುವುದು ಕಠಿಣ. ಡಾ. ಬಿ.ಆರ್. ಅಂಬೇಡ್ಕರರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. 1924ರಲ್ಲಿ ಅವರು ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯು 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆಯಿತು. 1928ರಲ್ಲಿ ಅವರು ಸ್ಥಾಪಿಸಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆಯು ಮುಂಬಯಿ ಸರಕಾರದ ಸಹಾಯದಿಂದ ನಡೆಸಿದ ಐದು ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದ್ದಾಗಿದ್ದಿತು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರು ಮತ್ತು ಅವರ ಪತ್ನಿ ನಾಗಮ್ಮನವರು 1930ರ ದಶಕದಲ್ಲಿ ಹರಿಜನ ಬಾಲಿಕಾಶ್ರಮವನ್ನು ನಡೆಸಿದರು. ಉಳಿದವರಿಗೆ ವಿದ್ಯಾರ್ಥಿನಿಲಯವು ಒಂದು ಸೌಕರ್ಯವಾಗಿದ್ದರೆ ಇವರಿಗೆ ಅದು ವಿದ್ಯೆಯ ಏಕಮಾತ್ರ ದಾರಿಯಾಗಿದ್ದಿತು.

6. ಸರಕಾರದ ಹೊಣೆ

1949ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ಕರ್ನಾಟಕ ವಿಶ್ವವಿದ್ಯಾಲಯವು 1950ರಲ್ಲಿ ಧಾರವಾಡಕ್ಕೆ ಬಂದಿತು. ಡಾ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದಾಗ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ವಿದ್ಯಾಪೀಠದ ವಿಶಾಲವಾದ ಆವರಣವು ರೂಪುಗೊಂಡಿತು. ಮುಂದೆ 1972ರಲ್ಲಿ ನೇಮಕಗೊಂಡ ಹಿಂದುಳಿದ ವರ್ಗಗಳ ಆಯೋಗಕ್ಕೆ ರಾಣೆಬೆನ್ನೂರಿನವರಾದ ಎಲ್.ಜಿ. ಹಾವನೂರರು ಅಧ್ಯಕ್ಷರಾಗಿ, 1975ರಲ್ಲಿ ವರದಿಯನ್ನೊಪ್ಪಿಸಿದರು. ದೇವರಾಜ ಅರಸರ ಆಡಳಿತದ ಕಾಲದಿಂದ ಹಿಂದುಳಿದ ವರ್ಗಗಳ ಸರಕಾರಿ ವಿದ್ಯಾರ್ಥಿನಿಲಯಗಳು ಜಿಲ್ಲಾ, ತಾಲೂಕು ಸ್ಥಳಗಳಲ್ಲಿ ಹೆಚ್ಚಿದವು. ಅನ್ನವು ದಾನವಾಗಿದ್ದುದು ಇಲ್ಲಿ ಹಕ್ಕಿನ ಸ್ವರೂಪವನ್ನು ತಾಳಿತು.

ಇದರೊಡನೆಯೇ ಹೊರಗಿನ ಬಿಡಾರವೂ ಬೆಳೆಯಿತು. ನಮ್ಮ ಭಾಗದಲ್ಲಿ ಇದಕ್ಕೆ ನೆರವಾದುದು ಖಾನಾವಳಿ. ತಿಂಗಳ ಲೆಕ್ಕದಲ್ಲಿ ರೊಟ್ಟಿ, ಪಲ್ಲೆ ದೊರೆಯುವ ಸ್ಥಳವಿದ್ದರೆ ನಾಲ್ವರು ಕೂಡಿ ಒಂದು ಕೋಣೆ ಹಿಡಿಯಬಹುದು. ಅದೂ ಆಗದವರಿಗೆ ಊರಿನಿಂದ ಬಸ್ಸಿನಲ್ಲಿ ಬರುವ ಬುತ್ತಿಯ ಗಂಟು ಇದ್ದಿತು. ಬೆಳಿಗ್ಗೆ ತಾಯಿ ಬಡಿದ ರೊಟ್ಟಿ ಮಧ್ಯಾಹ್ನ ಧಾರವಾಡದ ಬಸ್ ನಿಲ್ದಾಣದಲ್ಲಿ ಮಗನ ಕೈಗೆ ಸೇರುತ್ತಿತ್ತು. ನಿಲಯದಲ್ಲಿ ಸ್ಥಳ ದೊರೆಯದವರಿಗಾಗಿ ರಾಜ್ಯ ಸರಕಾರವು 2013-14ರಲ್ಲಿ ವಿದ್ಯಾಸಿರಿ ಯೋಜನೆಯನ್ನು ತಂದು, ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಊಟ-ವಸತಿಯ ಸಹಾಯವನ್ನು ಗೊತ್ತುಪಡಿಸಿತು. ಆವರಣದ ಹೊರಗಿರುವವನ ಖರ್ಚೂ ಸಾರ್ವಜನಿಕ ಹೊಣೆಯೆಂದು ಒಪ್ಪಿದ ಕ್ರಮವಿದು.

ಮೂರನೆಯ ದಾರಿಯೊಂದೂ ಈಗ ತೆರೆದಿದೆ. ಹಾವೇರಿಯು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ತಾಲೂಕು ಸ್ಥಳಗಳಲ್ಲಿ ಕಾಲೇಜುಗಳಾಗಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕೊಟ್ಟಿತು. ಕುಪ್ಪೇಲೂರಿನ ಹುಡುಗಿಯು ಮನೆಯಲ್ಲಿಯೇ ಇದ್ದು ರಾಣೆಬೆನ್ನೂರಿನಲ್ಲಿ ಪದವಿಗೆ ಓದಬಹುದು. ಇದು ಅಲ್ಪ ಲಾಭವಲ್ಲ. ಆದರೆ ಬಸ್ಸಿನ ವೇಳೆಯೇ ಅವಳ ಓದಿನ ವೇಳೆಯಾಗುತ್ತದೆ. ಸಂಜೆಯ ಗ್ರಂಥಾಲಯ, ಚರ್ಚಾಕೂಟ, ಆಟದ ಬಯಲುಗಳು ಅವಳಿಗೆ ಎಟುಕುವುದಿಲ್ಲ. ಮನೆಗೆ ಮರಳಿದೊಡನೆ ಅಡುಗೆ, ಕಸ, ನೀರುಗಳ ಕೆಲಸ ಕಾದಿರುತ್ತದೆ.

7. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಒಂದು ವಿಷಯ ವ್ಯಕ್ತವಾಗುತ್ತದೆ. ಪ್ರತಿಯೊಂದು ವಸತಿಯ ಕ್ರಮವೂ ವಿದ್ಯಾರ್ಥಿಯಿಂದ ಒಂದು ಬೆಲೆಯನ್ನು ಕೇಳಿದೆ: ವಾರಾನ್ನವು ಮಾನವನ್ನು, ಸಮಾಜದ ನಿಲಯವು ನಿಷ್ಠೆಯನ್ನು, ಬಾಡಿಗೆಯ ಕೋಣೆಯು ರೊಕ್ಕವನ್ನು, ಬಸ್ಸಿನ ಪ್ರಯಾಣವು ವೇಳೆಯನ್ನು. ಆವರಣದೊಳಗೋ ಹೊರಗೋ ಎಂದು ವಿದ್ಯಾರ್ಥಿಯು ನಿಜವಾಗಿ ಆರಿಸಿಕೊಳ್ಳಬೇಕಾದರೆ ಎರಡೂ ಬಾಗಿಲುಗಳು ಅವನಿಗೆ, ಅವಳಿಗೆ ತೆರೆದಿರಬೇಕು. ಪ್ರವೇಶದ ಸಂಖ್ಯೆಯನ್ನು ಮಾತ್ರ ಎಣಿಸುವ ಕಾಲೇಜು ವಸತಿಯ ಸಂಖ್ಯೆಯನ್ನು ಎಣಿಸದಿದ್ದರೆ ಅರ್ಧ ಲೆಕ್ಕವನ್ನಷ್ಟೇ ಬರೆದಂತಾಗುತ್ತದೆ.

ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಂತಮ್ಮ ಊರಿನ ಹಳೆಯ ಪ್ರಸಾದನಿಲಯಗಳ ದಾಖಲೆ ಪುಸ್ತಕಗಳನ್ನೂ, ಧಾನ್ಯ ಕೊಟ್ಟವರ ಪಟ್ಟಿಗಳನ್ನೂ, ವಾರಾನ್ನ ಉಂಡ ವೃದ್ಧರ ನೆನಪುಗಳನ್ನೂ ಸಂಗ್ರಹಿಸತೊಡಗಿದರೆ ಈ ಪ್ರಾಂತದ ವಿದ್ಯಾಭ್ಯಾಸದ ಪೂರ್ಣ ಚರಿತ್ರೆಯನ್ನು ಬರೆಯುವುದು ಶಕ್ಯವಾಗುತ್ತದೆ. ಕಾಗದವು ಜೀರ್ಣವಾಗುವುದಕ್ಕೂ, ಹೇಳುವವರು ಇಲ್ಲವಾಗುವುದಕ್ಕೂ ಮುನ್ನ ಈ ಕೆಲಸವು ನಡೆಯಬೇಕಾಗಿದೆ.