ಪುಟ್ಟಮ್ಮ, ಲಕ್ಕಮ್ಮ, ಮಾಯಾ: ಎರಡು ನಾಲಿಗೆಗೆ ಒಂದು ಹೆಸರು

ಆಂಧ್ರದ ಗಡಿಗೆ ಹತ್ತಿರದ ಮಂಚೇನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಪುಟ್ಟಮ್ಮ ಅಂದರೆ ಕನ್ನಡ ಮನೆಮಾತಿನವರಿಗೆ ಕಾಣುವುದು ಪುಟ್ಟ ಹುಡುಗಿ. ತೆಲುಗು ಮನೆಮಾತಿನವರಿಗೆ ಅದೇ ಹೆಸರಿನಲ್ಲಿ ಹುತ್ತವೂ ಕಾಣುತ್ತದೆ, ಏಕೆಂದರೆ ತೆಲುಗಿನಲ್ಲಿ ಪುಟ್ಟ ಎಂದರೆ ಹುತ್ತ. ಗಡಿಯಾಚೆಯ ಪುಟ್ಟಪರ್ತಿಯ ಹೆಸರಿನಲ್ಲಿ ಇರುವುದೂ ಅದೇ. ಚಿನ್ನಮ್ಮನ ಕತೆಯೂ ಹೀಗೆಯೇ. ಕನ್ನಡಕ್ಕೆ ಅವಳು ಬಂಗಾರ, ತೆಲುಗಿಗೆ ಕಿರಿಯವಳು. ಅರ್ಥ ಬೇರೆಯಾಯಿತೆಂದು ಯಾರೂ ಜಗಳಕ್ಕೆ ನಿಂತಿಲ್ಲ. ಕೂಗಿದರೆ ಹುಡುಗಿ ಓಡಿ ಬರುತ್ತಾಳೆ, ಅಷ್ಟೇ ಬೇಕಾಗಿದ್ದದ್ದು.

ಎರಡು ಭಾಷೆಗೂ ಒಪ್ಪುವ ಹೆಣ್ಣುಹೆಸರು ಯಾವುದು ಎಂಬ ಪ್ರಶ್ನೆ ಇಂದು ಲಂಡನ್ನಿನ, ಪ್ಯಾರಿಸ್ಸಿನ, ಕ್ಯಾಲಿಫೋರ್ನಿಯಾದ ಎಳೆಯ ತಂದೆತಾಯಿಗಳನ್ನು ಕಾಡುತ್ತಿದೆ. ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿಯ ಸೀಮೆ ಇದನ್ನು ತಲೆಮಾರುಗಳಿಂದ ಬಿಡಿಸುತ್ತಾ ಬಂದಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಇರುವ ಊರುಗಳು ಇವು.

ಕನ್ನಡದ ಹೆಣ್ಣುಹೆಸರಿನ ಇತಿಹಾಸವನ್ನು ಅದರ ಬಾಲದಿಂದಲೇ ಓದಬಹುದು. ಹಳೆಯ ಶಾಸನಗಳಲ್ಲಿ ಆ ಬಾಲ ‘ಅಬ್ಬೆ’, ಅಂದರೆ ತಾಯಿ. 10ನೇ ಶತಮಾನದಲ್ಲಿ ನಾಗರಖಂಡದ ಆಡಳಿತ ನಡೆಸಿದ ಜಕ್ಕಿಯಬ್ಬೆ, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಈ ಸಾಲಿನವರು. ಜಕ್ಕಿ ಎಂಬುದು ಸಂಸ್ಕೃತದ ಯಕ್ಷಿ. ಪರಭಾಷೆಯಿಂದ ಬಂದ ಹೆಸರನ್ನು ಕನ್ನಡ ತನ್ನ ಬಾಯಿಗೆ ಹೊಂದಿಸಿಕೊಂಡೇ ಒಳಗೆ ಬಿಟ್ಟುಕೊಂಡಿದೆ. 12ನೇ ಶತಮಾನದ ವಚನಕಾರ್ತಿಯರ ಹೊತ್ತಿಗೆ ಅಕ್ಕ, ಅವ್ವೆ, ಅಮ್ಮ ಮುಂದೆ ಬಂದವು: ಸತ್ಯಕ್ಕ, ಸಂಕವ್ವೆ, ಆಯ್ದಕ್ಕಿ ಲಕ್ಕಮ್ಮ. ಮುಂದೆ ಉತ್ತರ ಕರ್ನಾಟಕ ಅವ್ವನನ್ನು ಉಳಿಸಿಕೊಂಡಿತು, ಹಳೆ ಮೈಸೂರು ಅಮ್ಮನನ್ನು ಹಿಡಿದುಕೊಂಡಿತು.

ಲಕ್ಕಮ್ಮನನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಲಕ್ಷ್ಮಿ ಕನ್ನಡದ ಬಾಯಲ್ಲಿ ಲಕ್ಕಿಯಾದಳು, ತೆಲುಗಿನ ಬಾಯಲ್ಲಿ ಲಚ್ಚಿಯಾದಳು. ಹಾಗಾಗಿ ಒಂದೇ ದೇವಿಯ ಹೆಸರಿನ ಹೆಣ್ಣುಮಗಳು ಒಂದು ಮನೆಯಲ್ಲಿ ಲಕ್ಕಮ್ಮ, ಪಕ್ಕದ ಮನೆಯಲ್ಲಿ ಲಚ್ಚಮ್ಮ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇಬ್ಬರೂ ಲಕ್ಷ್ಮಮ್ಮ. ಬಾಯಲ್ಲಿ ಎರಡಾಗಿದ್ದ ಹೆಸರು ಬರಹದಲ್ಲಿ ಒಂದಾಗುವುದು ಗಡಿನಾಡಿನ ಜಾಣತನ. ಫ್ರೆಂಚರ ಎಲೆನ್ ಇಂಗ್ಲಿಷರ ಹೆಲೆನ್ ಆಗುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ದೇವರ ಹೆಸರಿಗೆ ಅನುವಾದ ಬೇಕಾಗುವುದಿಲ್ಲ. ಕದಿರಿ ನರಸಿಂಹನ ಒಕ್ಕಲಿನ ಮನೆಗಳಲ್ಲಿ ನರಸಮ್ಮ, ತಿರುಪತಿ ತಿಮ್ಮಪ್ಪನಿಗೆ ನಡೆದುಕೊಳ್ಳುವವರಲ್ಲಿ ವೆಂಕಟಮ್ಮ, ಮುನೇಶ್ವರನ ಭಕ್ತರಲ್ಲಿ ಮುನಿಯಮ್ಮ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸಾಲುಸಾಲು ನಾಗರಕಲ್ಲುಗಳಿವೆ. ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊತ್ತು, ಹುಟ್ಟಿದ ಹೆಣ್ಣಿಗೆ ನಾಗಮ್ಮ ಎಂದೋ ಅಶ್ವತ್ಥಮ್ಮ ಎಂದೋ ಹೆಸರಿಟ್ಟಿದ್ದಾರೆ. ಮೈಸೂರು ಸೀಮೆಯಲ್ಲಿ 19ನೇ ಶತಮಾನದಲ್ಲಿ ಕೆಲಸ ಮಾಡಿದ ಕ್ಯಾಥೊಲಿಕ್ ಪಾದ್ರಿಗಳಲ್ಲಿ ಅಬ್ಬೆ ದುಬುವಾ ಅವರಂಥ ಫ್ರೆಂಚರಿದ್ದರು. ಅವರ ಮರೀ, ಅಂದರೆ ಯೇಸುವಿನ ತಾಯಿ, ಕನ್ನಡ ಕ್ರೈಸ್ತರ ಮನೆಗಳಲ್ಲಿ ಮರಿಯಮ್ಮ. ದೀರ್ಘವೊಂದು ಸೇರಿದರೆ ಊರಬಾಗಿಲ ಮಾರಿಯಮ್ಮನೇ ಆಗುವಷ್ಟು ಹತ್ತಿರ.

ಇದೇ ಪರಂಪರೆಯಲ್ಲಿ ನೋವೂ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ ಎನ್ನುತ್ತಿದ್ದರು, ಯಮನ ಕಣ್ಣು ಬೀಳದಿರಲೆಂದು. ಅದು ಅಕ್ಕರೆ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದಕ್ಕೆ ಸಾಕಮ್ಮ ಎಂದು ಇಡುತ್ತಿದ್ದದ್ದು ಅಕ್ಕರೆಯಲ್ಲ. ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ ಕಟ್ಟಿ ಮನೆಮಾತಾದ ಸಾಕಮ್ಮ ಆ ಹೆಸರಿಗೆ ಬೇರೆಯೇ ಗೌರವ ತಂದರು. ಆದರೂ ಬೇಡವಾದ ಮಗು ಎಂಬ ಮಾತನ್ನು ಹುಡುಗಿಯೊಬ್ಬಳು ಬದುಕಿಡೀ ಹೊರುವುದು ಅನ್ಯಾಯವೇ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರ್‌ನಲ್ಲಿ, ‘ಬೇಡದವಳು’ ಎಂಬರ್ಥದ ನಕುಸಾ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ ಒಟ್ಟಿಗೆ ಹೊಸ ಹೆಸರಿಟ್ಟರು. ಹೆಸರು ಯಾವ ಭಾಷೆಗೆ ಒಪ್ಪುತ್ತದೆ ಎನ್ನುವುದಕ್ಕಿಂತ ಮೊದಲು, ಅದನ್ನು ಹೊರುವವಳಿಗೆ ಒಪ್ಪಬೇಕು.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಅಮ್ಮ ಮೆಲ್ಲಗೆ ಕಳಚಿಕೊಂಡಳು. ಶಾಲೆಯ ಹಾಜರಿ, ಕಾದಂಬರಿ, ಸಿನಿಮಾ ಮೂರೂ ಇದರಲ್ಲಿ ಕೈಜೋಡಿಸಿದವು. ಅನಸೂಯಾ ಶಂಕರ್ ತ್ರಿವೇಣಿ ಎಂಬ ಹೆಸರಲ್ಲಿ ಬರೆದರು, ಕಮಲಾ ಕುಮಾರಿ ಜಯಂತಿ ಎಂಬ ಹೆಸರಲ್ಲಿ ತೆರೆಗೆ ಬಂದರು. ಮಂಜುಳಮ್ಮ ಮಂಜುಳಾ ಆದಳು, ಭಾರತಮ್ಮ ಭಾರತಿಯಾದಳು. ಹೆಸರು ಚಿಕ್ಕದಾಯಿತು, ದೂರ ಹೋಗಲು ಹಗುರವಾಯಿತು. ಆದರೆ ಆ ಅಮ್ಮನ ಜೊತೆಗೆ ಹುಟ್ಟಿದ ದಿನವೇ ಕೂಸಿಗೆ ಸಿಗುತ್ತಿದ್ದ ಹಿರಿತನದ ಮರ್ಯಾದೆಯೂ ಹೋಯಿತು.

ವಿಮಾನ ಹತ್ತಿದ ಮೇಲೆ ಪರೀಕ್ಷೆ ಬೇರೆ. ದಕ್ಷಿಣದವರು ಇಂಗ್ಲಿಷಿನಲ್ಲಿ ಲತಾ ಎಂದು ಬರೆಯುವಾಗ ‘ಟಿ’ ಪಕ್ಕದಲ್ಲಿ ‘ಎಚ್’ ಇಡುತ್ತಾರೆ, ಏಕೆಂದರೆ ಬರಿಯ ‘ಟಿ’ ಅವರಿಗೆ ಟಕಾರ. ಉತ್ತರದವರಿಗೆ ‘ಟಿ’ ಒಂದೇ ಸಾಕು. ಇಂಗ್ಲಿಷರು ನಮ್ಮ ಎಚ್ ಕಂಡೊಡನೆ ನಾಲಿಗೆಯನ್ನು ಹಲ್ಲಿನ ನಡುವೆ ತಂದು ಬೇರೆಯದೇ ಸದ್ದು ಹೊರಡಿಸುತ್ತಾರೆ. ಫ್ರೆಂಚರಿಗೆ ‘ಎಚ್’ ಮೂಕಾಕ್ಷರ. ಅವರ ಬಾಯಲ್ಲಿ ನಮ್ಮ ಹೇಮಾ ಎಮಾ ಆಗಿ, ಅವರದೇ ಎಮ್ಮಾಳ ಅವಳಿಯಂತೆ ನಿಲ್ಲುತ್ತಾಳೆ. ಎಮ್ಮಾ, ಆಲಿಸ್ ಇಂಗ್ಲಿಷಿಗೂ ಫ್ರೆಂಚಿಗೂ ಸಲೀಸು. ಒರೇಲಿ, ಗಿಲೇನ್ ಇಂಗ್ಲಿಷ್ ಕಾಲುವೆ ದಾಟುವಾಗಲೇ ಮುರಿಯುತ್ತವೆ. ಇಂಗ್ಲಿಷಿನ ಆನಾಳನ್ನು ಅವಳ ಕಾಗುಣಿತ ನೋಡಿ ಓದಿದರೆ ಗಡಿನಾಡಿನ ಎರಡೂ ಭಾಷೆಗೆ ಅವಳು ಹಿರಿಯ ಸಹೋದರ!

ಫ್ರಾನ್ಸಿನಲ್ಲಿ ಈ ಆಯ್ಕೆಯೇ ಬಹುಕಾಲ ಇರಲಿಲ್ಲ. 1803ರ ಕಾನೂನು, ಪಂಚಾಂಗಗಳಲ್ಲಿ ಮತ್ತು ಪ್ರಾಚೀನ ಇತಿಹಾಸದಲ್ಲಿ ಇದ್ದ ಹೆಸರುಗಳಿಗೆ ಮಾತ್ರ ಒಪ್ಪಿಗೆ ಕೊಟ್ಟಿತ್ತು. ತಂದೆತಾಯಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1993ರಲ್ಲಿ. ಆಮೇಲೂ ಮಗುವಿನ ಹಿತ ನೋಡುವ ಅಧಿಕಾರ ನ್ಯಾಯಾಲಯಕ್ಕಿದೆ. ಮಗಳಿಗೆ ನುಟೆಲ್ಲಾ ಎಂದು ಹೆಸರಿಟ್ಟ ದಂಪತಿಯ ಆಯ್ಕೆಯನ್ನು ತಳ್ಳಿ ನ್ಯಾಯಾಧೀಶರು ಎಲ್ಲಾ ಎಂದು ಬದಲಿಸಿದ್ದು 2015ರಲ್ಲಿ ಸುದ್ದಿಯಾಯಿತು.

ನಮ್ಮಲ್ಲಿ ಕಟ್ಟು ಹಾಕುವುದು ಪಂಚಾಂಗದ ನಕ್ಷತ್ರಪಾದ. ಹಸ್ತಾ ನಕ್ಷತ್ರದ ಅಕ್ಷರಗಳು ಪೂ, ಷ, ಣ, ಠ. ಣಕಾರದಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಅದಕ್ಕೇ ಅಕ್ಕಿ ಹರಡಿದ ತಟ್ಟೆಯ ಮೇಲೆ ಉಂಗುರದಿಂದ ಬರೆಯುವ ಹೆಸರೊಂದು, ಕಿವಿಯಲ್ಲಿ ಉಸುರುವುದೊಂದು, ಕೂಗುವುದು ಮತ್ತೊಂದು ಎಂಬ ಏರ್ಪಾಡು. ಹೊರದೇಶದ ಕನ್ನಡಿಗರು ಈ ಏರ್ಪಾಡನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ದಾಖಲೆಗೆ ಮಾಯಾ, ತಾರಾ, ಮೀರಾ, ಲೀಲಾ. ಅಜ್ಜಿಯ ಬಾಯಿಗೆ ಮನೆದೇವರ ಹೆಸರು. ತಾರಾ ಐರ್ಲೆಂಡಿನ ಬೆಟ್ಟವೂ ಹೌದು. ಶೀಲಾಳಿಗೆ ಅಲ್ಲಿ ಅದೇ ಸದ್ದಿನ ಹೆಸರಿನ ಸೋದರಿಯಿದ್ದಾಳೆ.

ಆದರೆ ಸಲೀಸಿನ ಆಸೆಗೆ ಬಿದ್ದು ಳ, ಣ, ಧ ಇರುವ ಹೆಸರುಗಳನ್ನೆಲ್ಲ ಪಟ್ಟಿಯಿಂದ ತೆಗೆಯುತ್ತಾ ಹೋದರೆ ನಳಿನಿ, ಇಳಾ, ವೀಣಾ, ಮೇಧಾ ಯಾರೂ ಉಳಿಯುವುದಿಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ಹುಟ್ಟಿದ ಅಮೆರಿಕದ ರಾಜಕಾರಣಿ ಕಮಲಾ ಹ್ಯಾರಿಸ್ ಅವರ ತಂಗಿಯ ಹೆಸರು ಮಾಯಾ. ಒಂದೇ ಮನೆಯ ಎರಡು ಹೆಸರುಗಳಲ್ಲಿ ತಂಗಿಯದು ಎಲ್ಲರ ನಾಲಿಗೆಗೂ ಸುಲಭ, ಅಕ್ಕನದು ತೊಡಕು. 2016ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅಕ್ಕ ಹೆಸರನ್ನು ಬದಲಿಸಿಕೊಳ್ಳಲಿಲ್ಲ. ಕಮಲಾ ಎಂದು ಹೇಗೆ ಹೇಳಬೇಕೆಂದು ಮಕ್ಕಳೇ ತೋರಿಸಿಕೊಡುವ ವಿಡಿಯೊ ಮಾಡಿಸಿದರು. ಪುಟ್ಟಪರ್ತಿ ಕಡೆಯ ಸೊಸೆಗೆ ಮಂಚೇನಹಳ್ಳಿಯ ಅತ್ತೆ ಕನ್ನಡದ ಹೆಸರು ಕಲಿಸುವುದೂ ಹೀಗೆಯೇ, ಎರಡು ಮೂರು ಸಲ ಬಿಡಿಸಿ ಹೇಳಿ.

ಇನ್ನು ಅವಸರದ ಮಾತು. ನಮ್ಮ ದೇಶದಲ್ಲಿ ಜನನ ನೋಂದಣಿಯನ್ನು ಹೆಸರಿಲ್ಲದೆಯೂ ಮಾಡಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಹೆಸರು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಆಧಾರ. ಹಿಂದೆ ಹೆಡ್‌ಮೇಷ್ಟ್ರು ಲಚ್ಚಮ್ಮನನ್ನು ಲಕ್ಷ್ಮಮ್ಮ ಎಂದು ತಿದ್ದಿ ಬರೆದುಕೊಳ್ಳುತ್ತಿದ್ದ ಜಾಗದಲ್ಲಿ, ಟಿ ಪಕ್ಕ ಎಚ್ ಇರಬೇಕೋ ಬೇಡವೋ ಎಂಬುದನ್ನು ಈಗ ಬಾಣಂತಿಯ ಹಾಸಿಗೆಯ ಪಕ್ಕದಲ್ಲೇ ತೀರ್ಮಾನಿಸಬೇಕಾಗಿದೆ.