ಕಾವಲು: ಒಂದು ಪದ, ಹಲವು ಅರ್ಥ

ಕನ್ನಡದ ‘ಕಾವಲು’ ಎಂಬ ಪದಕ್ಕೆ ರಕ್ಷಣೆ, ಪಹರೆ, ಎಚ್ಚರದಿಂದ ನೋಡಿಕೊಳ್ಳುವಿಕೆ ಎಂಬ ಅರ್ಥಗಳಿವೆ. ಹೊಲ ಕಾಯುವ ರೈತನಿಂದ ಹಿಡಿದು ಮಂತ್ರಿಯ ಕಾರಿನ ಹಿಂದೆ ಓಡುವ ಪೊಲೀಸ್ ಜೀಪಿನವರೆಗೆ ಇದರ ವ್ಯಾಪ್ತಿ ಹಬ್ಬಿದೆ. ಹಳೆಯ ಮೈಸೂರು ಪ್ರಾಂತ್ಯದಲ್ಲಿ ಮಾತ್ರ ಇದಕ್ಕೆ ಇನ್ನೊಂದು ಅರ್ಥವೂ ಉಂಟು. ಅಲ್ಲಿ ಕಾವಲು ಎಂದರೆ ದನಕರುಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲು ಭೂಮಿ. ಈ ಎರಡನೆಯ ಅರ್ಥವನ್ನು ನಗರವಾಸಿಗಳು ಬಹುಮಟ್ಟಿಗೆ ಮರೆತಿದ್ದಾರೆ. ಆ ಮರೆವಿನ ಪರಿಣಾಮ ಕೇವಲ ಭಾಷೆಗೆ ಸಂಬಂಧಿಸಿದ್ದಲ್ಲ.

ಪದದ ಮೂಲ

‘ಕಾಯು’ ಎಂಬ ಕ್ರಿಯಾಪದದಿಂದ ಬಂದ ನಾಮಪದ ಕಾವಲು. ಕುರಿ ಕಾಯುವುದು ಎಂದಾಗ ರಕ್ಷಿಸುವುದು ಎಂಬ ಅರ್ಥ, ಬಸ್ಸಿಗೆ ಕಾಯುವುದು ಎಂದಾಗ ನಿರೀಕ್ಷಿಸುವುದು ಎಂಬ ಅರ್ಥ. ಕಾವಲುಗಾರನ ಕೆಲಸದಲ್ಲಿ ಈ ಎರಡೂ ಸೇರಿರುತ್ತವೆ. ಅವನ ಹೊತ್ತಿನ ಬಹುಪಾಲು ನಿರೀಕ್ಷೆಯಲ್ಲಿಯೇ ಕಳೆಯುತ್ತದೆ. ನೀರು ಕಾಯುವುದು ಎಂಬಲ್ಲಿ ಬಿಸಿಯಾಗುವ ಅರ್ಥ ಬರುತ್ತದೆಯಾದರೂ ಅದು ಉಚ್ಚಾರಣೆಯಲ್ಲಿ ಮಾತ್ರ ಸಮಾನವಾದ ಬೇರೆ ಮಾತು. ದೋಸೆ ಹುಯ್ಯುವ ಕಾವಲಿಗೂ ಪಹರೆಯ ಕಾವಲಿಗೂ ಅರ್ಥಸಂಬಂಧವಿಲ್ಲ. ಕಾಪು, ಕಾಪಾಡು ಎಂಬ ಪದಗಳು ಕಾವಲಿನ ಸೋದರ ಪದಗಳು. ತಮಿಳು ಮತ್ತು ಮಲಯಾಳದಲ್ಲಿ ‘ಕಾವಲ್’, ತೆಲುಗಿನಲ್ಲಿ ‘ಕಾವಲಿ’ ಎಂಬ ರೂಪಗಳಿದ್ದು, ತಮಿಳುನಾಡಿನಲ್ಲಿ ಪೊಲೀಸ್ ಇಲಾಖೆಯ ಅಧಿಕೃತ ಹೆಸರೇ ‘ಕಾವಲ್ ತುರೈ’ ಎಂದಿದೆ. ಕನ್ನಡದ ಆಡಳಿತ ಭಾಷೆ ಇದೇ ಸಂದರ್ಭದಲ್ಲಿ ಸಂಸ್ಕೃತದ ‘ಆರಕ್ಷಕ’ ಪದವನ್ನು ಆಯ್ದುಕೊಂಡಿತು. ಜನರ ಬಾಯಲ್ಲಿ ‘ಪೊಲೀಸ್’ ಎಂಬುದೇ ಉಳಿಯಿತು.

ಸಮಾಸಗಳಲ್ಲಿ ಕಾವಲು

ಪತ್ರಿಕೆಗಳ ಓದುಗರಿಗೆ ಈ ಪದ ಹೆಚ್ಚು ಪರಿಚಿತವಾಗಿರುವುದು ಸಮಾಸದ ರೂಪದಲ್ಲಿ. ಆದೇಶ ಸಂಧಿಯಿಂದ ಇಲ್ಲಿ ‘ಕ’ಕಾರವು ‘ಗ’ಕಾರವಾಗುತ್ತದೆ.

ಮೈಗಾವಲು: ಮೈ ಮತ್ತು ಕಾವಲು ಸೇರಿ ಆದ ಪದ. ವ್ಯಕ್ತಿಯೊಬ್ಬನ ಪ್ರಾಣರಕ್ಷಣೆಗೆ ನಿಯುಕ್ತರಾದವರನ್ನು ಸೂಚಿಸುತ್ತದೆ. ‘ಅಂಗರಕ್ಷಕ’ ಎಂಬುದು ಇದರ ಸಂಸ್ಕೃತ ರೂಪ. ರಾಜಕೀಯ ವಲಯದ ಆಡುಮಾತಿನಲ್ಲಿ ಈ ಎರಡಕ್ಕೂ ಬದಲಾಗಿ ‘ಗನ್‌ಮ್ಯಾನ್’ ಎಂಬುದು ರೂಢಿಯಲ್ಲಿದೆ.

ಬೆಂಗಾವಲು: ಬೆನ್ನಿನ ಕಾವಲು, ಅಂದರೆ ಹಿಂದಿನಿಂದ ಬರುವ ರಕ್ಷಣೆ. ಈಗ ಬೆಂಗಾವಲು ವಾಹನ ಮುಂದೆ ಸಾಗಿದರೂ ಹೆಸರು ಬದಲಾಗಿಲ್ಲ.

ಕಣ್ಗಾವಲು: ಕಣ್ಣಿನಿಂದ ಮಾಡುವ ಕಾವಲು. ಸಿ.ಸಿ. ಟಿ.ವಿ. ಕ್ಯಾಮೆರಾಗಳು ಬಂದ ಮೇಲೆ ಈ ಪದಕ್ಕೆ ಹೊಸ ಬಳಕೆ ದೊರೆಯಿತು. ಇಲ್ಲಿ ಕಾಯುವುದಕ್ಕಿಂತ ನೋಡುವುದೇ ಮುಖ್ಯ. ನೋಡಲ್ಪಡುವವನು ರಕ್ಷಿತನೋ ಶಂಕಿತನೋ ಎಂಬುದನ್ನು ಪದ ಹೇಳುವುದಿಲ್ಲ.

ಸರ್ಪಗಾವಲು: ನಿಧಿಯನ್ನು ಹಾವು ಕಾಯುತ್ತದೆಂಬ ಜನಪದ ನಂಬಿಕೆಯನ್ನು ನೆನಪಿಸುವ ಪದ. ಚುನಾವಣೆ, ಬಂದ್, ಗಣೇಶನ ಮೆರವಣಿಗೆಗಳ ವರದಿಗಳಲ್ಲಿ ಇದು ತಪ್ಪದೆ ಕಾಣಿಸುತ್ತದೆ. ಸಂಸ್ಕೃತದ ಸರ್ಪಕ್ಕೆ ಕನ್ನಡದ ಕಾವಲು ಸೇರಿರುವುದರಿಂದ ವ್ಯಾಕರಣದ ದೃಷ್ಟಿಯಲ್ಲಿ ಇದು ಅರಿಸಮಾಸ. ಆದರೂ ಬಳಕೆಯ ಬಲದಿಂದ ನೆಲೆಯೂರಿದೆ.

ಅರಸರ ಕಾಲದ ರಕ್ಷಕರು

ಮೈಗಾವಲಿನವರಿಗೆ ಶಾಸನಗಳ ಕನ್ನಡದಲ್ಲಿ ಬೇರೆ ಹೆಸರುಗಳಿದ್ದವು. ವೇಳೆವಾಳಿ, ಲೆಂಕ, ಗರುಡ ಎಂಬವು ಒಡೆಯನಿಗಾಗಿ ಪ್ರಾಣ ನೀಡುವ ಪ್ರತಿಜ್ಞೆ ಮಾಡಿದವರನ್ನು ಸೂಚಿಸುತ್ತಿದ್ದವು. ಒಡೆಯನು ಮೃತನಾದರೆ ತಾವೂ ಬದುಕಿರುವುದಿಲ್ಲವೆಂಬುದು ಅವರ ವ್ರತ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಗರುಡಗಂಬದ ಶಾಸನ ಇದಕ್ಕೆ ಪ್ರಸಿದ್ಧ ಸಾಕ್ಷಿ. ಎರಡನೆಯ ವೀರಬಲ್ಲಾಳನ ಮರಣಾನಂತರ ಅವನ ಗರುಡನಾಗಿದ್ದ ಕುವರ ಲಕ್ಷ್ಮನು ಪತ್ನಿ ಹಾಗೂ ಸಂಗಡಿಗರೊಡನೆ ಪ್ರಾಣ ತ್ಯಜಿಸಿದ ಸಂಗತಿಯನ್ನು ಅದು ದಾಖಲಿಸುತ್ತದೆ. ಇಂಥ ಗರುಡಗಂಬಗಳು ಮಂಡ್ಯ ಜಿಲ್ಲೆಯ ಅಗ್ರಹಾರ ಬಾಚಹಳ್ಳಿಯಲ್ಲಿಯೂ ಇವೆ.

ಹಳ್ಳಿಯ ಮಟ್ಟದಲ್ಲಿ ಕಾವಲು ಆಯಗಾರರ ಹೊಣೆಯಾಗಿತ್ತು. ಅಪರಾಧಗಳ ಸುಳಿವು ಹಿಡಿಯುವುದು, ಪ್ರಯಾಣಿಕರನ್ನು ಮುಂದಿನ ಊರಿಗೆ ಸುರಕ್ಷಿತವಾಗಿ ತಲುಪಿಸುವುದು ತಳವಾರನ ಕೆಲಸ. ಪೈರು ಕಾಯುವುದು, ಅಳತೆಗೆ ನೆರವಾಗುವುದು ತೋಟಿಯ ಕೆಲಸ. ಕೆರೆಯ ನೀರಿನ ಹಂಚಿಕೆ ನೀರುಗಂಟಿಯದು. ಇವರಿಗೆ ಸಂಬಳದ ಬದಲು ಧಾನ್ಯದ ಪಾಲು ಅಥವಾ ಇನಾಮು ಭೂಮಿ ದೊರೆಯುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಕಾನೂನು 1963ರಲ್ಲಿ ಜಾರಿಗೆ ಬಂದ ಮೇಲೆ ಈ ವ್ಯವಸ್ಥೆ ಕೊನೆಗೊಂಡಿತು.

ಭೂಮಿಗೆ ಬಂದ ಹೆಸರು

ಮೈಸೂರು ಅರಸು ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಅರಮನೆಯ ಹಾಲು ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಪಶುವಿಭಾಗವನ್ನು ಬೆಳೆಸಿ, ಅದರ ದನಗಳಿಗೆ ರಾಜ್ಯದ ನಾನಾ ಭಾಗಗಳಲ್ಲಿ ಹುಲ್ಲುಗಾವಲುಗಳನ್ನು ಬಿಟ್ಟುಕೊಟ್ಟರು. ಬೇರೆಯವರು ನುಗ್ಗದಂತೆ ಕಾಯಲಾಗುತ್ತಿದ್ದ ಆ ಭೂಮಿಗೆ ಕಾವಲು ಎಂಬ ಹೆಸರು ನಿಂತಿತು. ಹೈದರ್ ಅಲಿ ಈ ಎತ್ತುಗಳನ್ನು ಸೈನ್ಯದ ಸಾಗಾಟಕ್ಕೆ ಬಳಸಿದನು. ಚಿದಂಬರದ ನೆರವಿಗಾಗಿ ಅವನು ಎರಡೂವರೆ ದಿನಗಳಲ್ಲಿ ನೂರು ಮೈಲಿ ಕ್ರಮಿಸಿದ್ದು ಇವುಗಳ ಬಲದಿಂದಲೇ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ವಿಭಾಗಕ್ಕೆ ‘ಅಮೃತ್ ಮಹಲ್’ ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ್.

ಕಾವಲುಗಳನ್ನು ಋತುವಿಗೆ ತಕ್ಕಂತೆ ವಿಂಗಡಿಸಲಾಗಿತ್ತು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಮೂರು ಬಗೆ. ನೀರು ನೆರಳು ಇರುವ ಬೇಸಿಗೆ ಕಾವಲುಗಳಿಗೆ ಬೆಲೆ ಹೆಚ್ಚು. ಮಂದೆಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದುದರಿಂದ ಪ್ರತಿ ಕಾವಲಿಗೂ ವರ್ಷದ ಕೆಲವು ತಿಂಗಳು ಬಿಡುವು ಸಿಗುತ್ತಿತ್ತು, ಹುಲ್ಲು ಮತ್ತೆ ಚಿಗುರುತ್ತಿತ್ತು. ಆದ್ದರಿಂದ ಖಾಲಿ ಬಿದ್ದಂತೆ ಕಾಣುವ ಕಾವಲು ವಾಸ್ತವದಲ್ಲಿ ಖಾಲಿಯಲ್ಲ. ಬಿಡುವಿನಲ್ಲಿರುವ ಭೂಮಿ ಅದು.

1799ರ ನಂತರ ಈ ಮಂದೆಗಳು ಬ್ರಿಟಿಷರ ವಶವಾದವು. 1860ರಲ್ಲಿ ಮಿತವ್ಯಯದ ನೆಪದಲ್ಲಿ ಅವನ್ನು ಮಾರಲಾಯಿತು. ಸೈನ್ಯಕ್ಕೆ ಒಳ್ಳೆಯ ಎತ್ತುಗಳು ಸಿಗದಾದಾಗ ಅದೇ ದಶಕದಲ್ಲಿ ಮತ್ತೆ ಕಟ್ಟಲಾಯಿತು. 1882ರಲ್ಲಿ ವಿಭಾಗವು ಮೈಸೂರು ಸರ್ಕಾರಕ್ಕೆ ಮರಳಿತು. ಅಮೃತ್ ಮಹಲ್ ತಳಿಯ ಸಂವರ್ಧನಾ ಕೇಂದ್ರ ಈಗ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ಉಳಿದದ್ದೆಷ್ಟು?

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಅಮೃತ್ ಮಹಲ್ ಕಾವಲುಗಳಲ್ಲಿ ಇಂದು ಅಲ್ಪಭಾಗವಷ್ಟೇ ಉಳಿದಿದೆ. ಚಿಕ್ಕಮಗಳೂರು, ಹಾಸನ, ಚಿತ್ರದುರ್ಗ, ತುಮಕೂರು ಮೊದಲಾದ ಜಿಲ್ಲೆಗಳಲ್ಲಿ ಅವು ತುಂಡುತುಂಡಾಗಿ ಹರಡಿವೆ. ಸಾಗುವಳಿ, ನಿವೇಶನ, ನೀಲಗಿರಿ ನೆಡುತೋಪು, ಕೈಗಾರಿಕೆಗಳಿಗಾಗಿ ಉಳಿದದ್ದು ಕರಗಿಹೋಯಿತು. ಬೆಂಗಳೂರಿನ ಕಾವಲ್ ಬೈರಸಂದ್ರ, ಬಿ.ಎಂ. ಕಾವಲ್, ಯಲಹಂಕ ಸಮೀಪದ ಜಾರಕಬಂಡೆ ಕಾವಲ್ ಎಂಬ ಹೆಸರುಗಳಲ್ಲಿ ಈ ಪದ ಇಂದಿಗೂ ಕೇಳಿಬರುತ್ತದೆ.

ಇತ್ತೀಚಿನ ದೊಡ್ಡ ವಿವಾದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯದು. ಅಲ್ಲಿನ ಕುದಾಪುರ, ಉಳ್ಳಾರ್ತಿ, ವರವು ಕಾವಲು ಪ್ರದೇಶಗಳ ಸುಮಾರು 10 ಸಾವಿರ ಎಕರೆ ಭೂಮಿಯನ್ನು 2000ದ ದಶಕದ ಕೊನೆಯಿಂದ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ ಮತ್ತು ಅಣುಶಕ್ತಿ ಸಂಸ್ಥೆಗಳು ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗೆ ಹಂಚಲಾಯಿತು. ಮಾನವರಹಿತ ವಿಮಾನಗಳ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಗೊಂಡಿತು. ಇದಕ್ಕೂ ಮುನ್ನ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತ್ತು. ದೇಶದ ರಕ್ಷಣೆಗೆ ಬಳಕೆಯಾಗುವ ಭೂಮಿಗೆ ಸಹಜವಾಗಿಯೇ ಎತ್ತರದ ಗೋಡೆ, ಪಹರೆ ಬಂದವು. ಆದರೆ ಕುರಿ ಸಾಕಿ ಕಂಬಳಿ ನೇಯುವ ಕುಟುಂಬಗಳಿಗೂ, ‘ದೇವರ ಎತ್ತು’ಗಳ ಮಂದೆ ಮೇಯಿಸುವ ಕಿಲಾರಿಗಳಿಗೂ ಅದೇ ಗೋಡೆ ದಾರಿ ಮುಚ್ಚಿತು. ಅವರ ಕಾವಲಿಗೆ ಈಗ ಅವರಿಂದಲೇ ಕಾವಲು!

ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೂ ಈ ಬಯಲುಗಳೇ ಆಸರೆ. 2011ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತ್ ಮಹಲ್ ಕಾವಲನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ.

ಇಂದಿನ ಕಾವಲುಗಾರ

ನಗರಗಳಲ್ಲಿ ಕಾವಲುಗಾರನಿಗೆ ‘ವಾಚ್‌ಮನ್’, ‘ಸೆಕ್ಯುರಿಟಿ’ ಎಂಬ ಹೆಸರುಗಳು ಬಂದಿವೆ. ಅರಣ್ಯ ಇಲಾಖೆಯ ಹಿಂದಿನ ‘ಗಾರ್ಡ್’ ಈಗ ಕರ್ನಾಟಕದಲ್ಲಿ ‘ಗಸ್ತು ಅರಣ್ಯ ಪಾಲಕ’. ಕಡಲ ತೀರದಲ್ಲಿ ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆಯಿದೆ. ಇದು ಕೇಂದ್ರದ ತಟರಕ್ಷಣಾ ಪಡೆಗಿಂತ ಬೇರೆ.

ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ಸಂಸ್ಥೆಗೆ ಪರವಾನಗಿ ಕಡ್ಡಾಯ. ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ ಹಾಗೂ ತರಬೇತಿ ನಡೆಯಬೇಕು. ಕೇಂದ್ರದ ಮಾದರಿ ನಿಯಮಗಳು 100 ಗಂಟೆಗಳ ಪಾಠ, 60 ಗಂಟೆಗಳ ಕ್ಷೇತ್ರ ತರಬೇತಿಯನ್ನು ಸೂಚಿಸುತ್ತವೆ. ಸೈನ್ಯ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಡುವುದು ಶಿಕ್ಷಾರ್ಹ. ಖಾಸಗಿ ಕಾವಲುಗಾರನಿಗೆ ಪೊಲೀಸರ ಅಧಿಕಾರವಿಲ್ಲವೆಂಬುದನ್ನು ನಾಗರಿಕರು ತಿಳಿದಿರಬೇಕು. ಹಾಗೆಯೇ, ಇಡೀ ರಾತ್ರಿ ಎಚ್ಚರವಿರುವವನಿಗೆ ಕೂರಲು ಕುರ್ಚಿ, ಮಳೆಗೆ ಆಸರೆ, ವಾರದ ರಜೆ ಬೇಕೆಂಬುದನ್ನೂ ಮರೆಯಬಾರದು.

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’, ‘ಬೆಕ್ಕಿಗೆ ಹಾಲಿನ ಕಾವಲು’ ಎಂಬ ಗಾದೆಗಳು ಕಾಯುವವರ ಮೇಲೆ ಜನರಿಗಿರುವ ಗುಮಾನಿಯನ್ನು ಹೇಳುತ್ತವೆ. ಆ ಗುಮಾನಿ ವಾಚ್‌ಮನ್ನನ ಮೇಲೆ ಬೀಳುವಷ್ಟು ಸುಲಭವಾಗಿ, ಭೂದಾಖಲೆಗಳನ್ನು ಕಾಯುವ ಕಚೇರಿಗಳ ಮೇಲೆ ಬೀಳುವುದಿಲ್ಲ. ಪಹಣಿಯಲ್ಲಿ ಕಾವಲು ಎಂದಿರುವ ಭೂಮಿಯನ್ನು ಬೀಳು ಎಂದು ಓದಿದ ಕ್ಷಣವೇ ಅದನ್ನು ಯಾರಿಗಾದರೂ ಕೊಡಬಹುದು ಎಂಬ ಭಾವನೆ ಹುಟ್ಟುತ್ತದೆ. ಪದದ ಸರಿಯಾದ ಅರ್ಥ ತಿಳಿದಿರುವುದು ಆ ಭೂಮಿಗೆ ಮೊದಲ ರಕ್ಷಣೆ.