ವೇದವಾಕ್ಯ: ಪ್ರಶ್ನೆಗೆ ಹೆದರದ ಸತ್ಯ



ಜಯನಗರ, ಬನಶಂಕರಿಯ ಮನೆಗಳಿಗೆ ಹೋದಾಗ ತಾಯಂದಿರು ನಮಗೆ ಹೇಳುವುದುಂಟು: "ಇವಳಿಗೆ ಟೀಚರ್ ಹೇಳಿದ್ದೇ ವೇದವಾಕ್ಯ, ಫಾದರ್!" ಮರುಮಾತಿಲ್ಲದೆ ಒಪ್ಪುವ ಸತ್ಯಕ್ಕೆ ಕನ್ನಡಿಗರು ಇಟ್ಟ ಹೆಸರಿದು. ಸಾಧಾರಣ ಕಾಲದ ಮೂರನೇ ಭಾನುವಾರವನ್ನು ದೇವರ ವಾಕ್ಯಕ್ಕೆ ಮೀಸಲಿಡಬೇಕೆಂದು ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿ ಘೋಷಿಸಿದರು. ಆ ಹಬ್ಬದಂದು ಈ ಪದವನ್ನು ಧ್ಯಾನಿಸೋಣ.

'ವೇದ' ಪದದ ಮೂಲ ಸಂಸ್ಕೃತದ 'ವಿದ್' ಧಾತು. ವಿದ್ ಎಂದರೆ ತಿಳಿ. ವೇದಗಳು ಮನುಷ್ಯರು ರಚಿಸಿದವಲ್ಲ, ಆದ್ದರಿಂದ ಅವು ಸ್ವತಃ ಪ್ರಮಾಣ ಎಂದು ಮೀಮಾಂಸಕರು ವಾದಿಸಿದರು. ಆ ಗೌರವವೇ ಆಡುಮಾತಿಗೂ ಇಳಿಯಿತು.

ನಮ್ಮ ಹಿರಿಯ ಧರ್ಮಪ್ರಚಾರಕರು ಈ ನೆಲದ ಪದಗಳನ್ನು ದೂರವಿಡಲಿಲ್ಲ. 1606ರಲ್ಲಿ ಮದುರೈಗೆ ಬಂದ ಯೇಸುಸಭೆಯ ರಾಬರ್ಟ್ ದೆ ನೋಬಿಲಿಯವರು ಕ್ರೈಸ್ತ ಧರ್ಮವನ್ನು 'ಸತ್ಯವೇದಂ' ಎಂದು ಕರೆದರು. ಅದೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. 1810ರಲ್ಲಿ ಬಳ್ಳಾರಿಗೆ ಬಂದ ಪ್ರೊಟೆಸ್ಟಂಟ್ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. ಆ ಸಹೋದರರ ಮನೆಗಳಲ್ಲಿ ಇಂದಿಗೂ ಬೈಬಲ್ಲಿನ ಹೆಸರು 'ಸತ್ಯವೇದವು'.

ಹಾಗಾದರೆ ವೇದವಾಕ್ಯವನ್ನು ಪ್ರಶ್ನಿಸಲೇಬಾರದೇ? ಒಮ್ಮೆ ಧರ್ಮೋಪದೇಶ ತರಗತಿಯಲ್ಲಿ ಹುಡುಗನೊಬ್ಬ ಸೃಷ್ಟಿಯ ಆರು ದಿನಗಳ ಬಗ್ಗೆ ಕೇಳಿದಾಗ, "ಬೈಬಲ್ಲಿನಲ್ಲಿದೆ, ಕುಳಿತುಕೋ" ಎಂದುಬಿಟ್ಟೆವು. ಅವನು ಕುಳಿತ, ಮತ್ತೆಂದೂ ಕೇಳಲಿಲ್ಲ. ತಪ್ಪು ನಮ್ಮದೇ. ಗಬ್ರಿಯೇಲ್ ದೂತನ ಸಂದೇಶ ಕೇಳಿದ ಮಾತೆ ಮರಿಯಮ್ಮನವರೇ, ಇದು ಹೇಗಾದೀತು ಎಂದು ವಿಚಾರಿಸಿದರು. ಉತ್ತರ ಕೇಳಿ ತಮ್ಮನ್ನು ಒಪ್ಪಿಸಿಕೊಂಡರು. ಸಂತ ಪೌಲರ ಬೋಧನೆಯನ್ನು ಬೆರೋಯದವರು ಪ್ರತಿದಿನ ಶಾಸ್ತ್ರಗ್ರಂಥದೊಡನೆ ಹೋಲಿಸಿ ನೋಡಿದರು. ಸಂತ ಲೂಕರು ಅವರನ್ನು ಮೆಚ್ಚಿಯೇ ಬರೆದಿದ್ದಾರೆ. ಪವಿತ್ರ ಲೇಖಕರು ಏನು ಹೇಳಲು ಬಯಸಿದರೆಂದು ಶ್ರದ್ಧೆಯಿಂದ ಹುಡುಕಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಬೋಧಿಸಿತು.

ನಾವು ದಿನವೂ ಹೇಳುವ 'ಆಮೆನ್' ಹಿಬ್ರೂ ಪದ. ಗಟ್ಟಿಯಾಗಿ ನಿಲ್ಲುವುದು ಎಂಬುದು ಅದರ ಮೂಲಾರ್ಥ. ಗಟ್ಟಿಯಾದದ್ದು ಪ್ರಶ್ನೆಗೆ ಹೆದರುವುದಿಲ್ಲ. ಈ ವಾರ ಮನೆಯವರೆಲ್ಲ ಕೂಡಿ ಶುಭಸಂದೇಶ ಓದಿರಿ. ಮಕ್ಕಳು ಪ್ರಶ್ನೆ ಕೇಳಲಿ. ಉತ್ತರ ತಿಳಿಯದಿದ್ದರೆ ಜೊತೆಯಲ್ಲೇ ಹುಡುಕೋಣ. ಆಗ ನಮ್ಮ ಆಮೆನ್ ಮನಸಾರೆ ಹೇಳಿದ ಆಮೆನ್ ಆಗುತ್ತದೆ.